ರೆಕಾರ್ಡಿಂಗ್ ಚೌಕ ಚೌಕವಾಗಿ ಒಡೆಯುತ್ತಿದೆಯಾ? ತಪ್ಪು ಡಿಶ್ಶಿನದೋ ಕಂಪ್ಯೂಟರಿನದೋ ಮೊದಲು ತಿಳಿಯಿರಿ

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಟಿವಿ ಪಕ್ಕ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಲಿನಕ್ಸ್. ಚಾನೆಲ್ ಹಿಡಿದು ರೆಕಾರ್ಡ್ ಮಾಡುವುದು ಟಿವಿಹೆಡೆಂಡ್, ಪರದೆಯಲ್ಲಿ ತೋರಿಸುವುದು ಕೋಡಿ. ಹಿಂದುಗಡೆ ಯುಎಸ್‌ಬಿಗೆ ಸಿಕ್ಕಿಸಿದ, ಉಪಗ್ರಹದ ಪ್ರಸಾರ ಹಿಡಿಯುವ ಒಂದು ಡಿವಿಬಿ-ಎಸ್2 ಟ್ಯೂನರ್. ಅಂಗಳದ ಕಂಬದಲ್ಲಿ ಡಿಡಿ ಫ್ರೀ ಡಿಶ್. ಕೆಲಸ ಇಷ್ಟೇ: ಅಪ್ಪನಿಗೆ ಚಂದನದ ಕೃಷಿ ಕಾರ್ಯಕ್ರಮ, ಅಮ್ಮನಿಗೆ ಹಳೇ ಸಿನಿಮಾ ಹಿಡಿದಿಡಬೇಕು. ತೋಟದ ಕೆಲಸ, ಊಟ ಎಲ್ಲ ಮುಗಿದ ಮೇಲೆ ಪುರುಸೊತ್ತಿನಲ್ಲಿ ಅವರು ನೋಡುತ್ತಾರೆ.

ಮೂರು ವರ್ಷ ತಕರಾರಿಲ್ಲದೆ ನಡೆಯಿತು. ಆಮೇಲೆ ಒಂದು ದಿನ ಅಮ್ಮ ಹೇಳಿದಳು, "ತಮಾ, ಸಿನೆಮಾ ಚೂರು ಚೂರಾಗಿ ಬತ್ತು." ನಾನು ಬೆಂಗಳೂರಿನಲ್ಲಿ. ದಿನಾ ಸಂಜೆ ಫೋನ್ ಮಾಡಿ "ಈಗ ಹೇಗಿದೆ ನೋಡು" ಅಂತ ಕೇಳುತ್ತಿದ್ದೆ. ಪ್ರತಿ ಸಲವೂ "ಈಗಷ್ಟೇ ಒಡೀತು" ಅನ್ನುತ್ತಿದ್ದಳು. ಒಂದು ದಿನ ಬೇಜಾರಾಗಿ, "ನೀ ಫೋನ್ ಮಾಡಿದಾಗೇ ಹಾಳಾಗ್ತು ನೋಡು" ಅಂದಳು. ನಾನು ನಕ್ಕುಬಿಟ್ಟೆ.

ನಗಬಾರದಿತ್ತು. ಅದು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನಾನು ಒಂದು ಹೊಸ ಹಾರ್ಡ್‌ಡಿಸ್ಕ್ ಕೊಂಡೆ, ಡಿಶ್ ಕೂರಿಸುವ ಹುಡುಗನನ್ನು ಎರಡು ಸಲ ಕರೆಸಿದೆ, ಲಿನಕ್ಸನ್ನೇ ಮತ್ತೆ ಹಾಕಿದೆ. ಒಂದೂ ಬೇಕಿರಲಿಲ್ಲ. ಯಾವ ಕಡೆಯ ತಪ್ಪು ಅಂತ ಮೊದಲೇ ವಿಂಗಡಿಸಿದ್ದರೆ ಅರ್ಧ ಗಂಟೆಯ ಕೆಲಸ.

ಶುರುಮಾಡುವ ಮೊದಲು ಒಂದು ವಿಷಯ. ಇಲ್ಲಿ ಹೇಳುವುದೆಲ್ಲ ಬೀಗ ಹಾಕದ, ಉಚಿತವಾಗಿ ಸಿಗುವ ಚಾನೆಲ್‌ಗಳ ಬಗ್ಗೆ. ದುಡ್ಡು ಕಟ್ಟುವ ಡಿಟಿಎಚ್‌ನ ಚಾನೆಲ್‌ಗಳು ಎನ್‌ಕ್ರಿಪ್ಟ್ ಆಗಿರುತ್ತವೆ. ಅವು ಟ್ಯೂನರ್‌ನಲ್ಲಿ ಲಾಕ್ ಆದರೂ, ಅಂದರೆ ಸಿಗ್ನಲ್ ಹಿಡಿದುಕೊಂಡರೂ, ಚಿತ್ರ ಬರುವುದಿಲ್ಲ. ಅದು ದೋಷವಲ್ಲ.

ಮೊದಲ ಪರೀಕ್ಷೆ: ಹಿಂದಕ್ಕೆ ಹೋಗಿ ಮತ್ತೆ ನೋಡಿ

ರೆಕಾರ್ಡಿಂಗ್‌ನಲ್ಲಿ ಚಿತ್ರ ಒಡೆದ ಜಾಗದಿಂದ ಅರ್ಧ ನಿಮಿಷ ಹಿಂದಕ್ಕೆ ಹೋಗಿ, ಮತ್ತೆ ಓಡಿಸಿ. ಅದೇ ಜಾಗದಲ್ಲಿ ಅದೇ ತರ ಒಡೆದರೆ ತಪ್ಪು ಫೈಲಿನಲ್ಲೇ ಇದೆ. ಈ ಸಲ ಸರಿಯಾಗಿ ಬಂದರೆ ಫೈಲ್ ಚೆನ್ನಾಗಿದೆ, ತೋರಿಸುವವನಿಗೇ ತೊಂದರೆ. ಇದಕ್ಕೆ ಯಾವ ಉಪಕರಣವೂ ಬೇಡ. ಮನೆಯವರಿಗೆ ಫೋನಿನಲ್ಲೇ ಹೇಳಿ ಮಾಡಿಸಬಹುದು.

ತೋರಿಸುವ ಕಡೆಯ ತೊಂದರೆಗಳನ್ನು ಬೇಗ ಮುಗಿಸಿಬಿಡುತ್ತೇನೆ. ಯಾರಾದರೂ ಓಡಾಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತಹ ಗೆರೆ ಕಂಡರೆ ಅದು ಇಂಟರ್‌ಲೇಸಿಂಗ್, ಅಂದರೆ ಒಂದು ಚಿತ್ರವನ್ನು ಬಿಟ್ಟು ಬಿಟ್ಟ ಗೆರೆಗಳ ಎರಡು ಅರ್ಧವಾಗಿ ಕಳಿಸುವ ರೀತಿ. ಕೋಡಿಯಲ್ಲಿ ವಿಡಿಯೋ ಓಡುವಾಗ ಡಿಇಂಟರ್‌ಲೇಸ್ ಆಯ್ಕೆ ಬದಲಿಸಿ. ಕೆಳಗೆ ಓಡುವ ಸುದ್ದಿಪಟ್ಟಿ ತಡವರಿಸುತ್ತಾ ಸಾಗಿದರೆ ಪರದೆ 60 ಹರ್ಟ್ಜ್‌ನಲ್ಲಿದೆ (ಸೆಕೆಂಡಿಗೆ 60 ಸಲ ಬದಲಾಗುತ್ತದೆ), ನಮ್ಮ ಪ್ರಸಾರ ಸೆಕೆಂಡಿಗೆ 25 ಚಿತ್ರದ್ದು. ಪರದೆಯ ರಿಫ್ರೆಶ್ ರೇಟ್ ವಿಡಿಯೋಗೆ ಹೊಂದಿಸುವ ಆಯ್ಕೆ ಕೋಡಿಯಲ್ಲೇ ಇದೆ, ಆನ್ ಮಾಡಿ. ಡೆಸ್ಕ್‌ಟಾಪ್ ಬದಲು ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಅದೂ ಪೈ 3 ಅಥವಾ ಅದಕ್ಕಿಂತ ಹಳೆಯದಿದ್ದು, ಎಂಪೆಗ್-2 (ವಿಡಿಯೋ ಕುಗ್ಗಿಸುವ ಒಂದು ಹಳೇ ವಿಧಾನ) ಚಾನೆಲ್ ಮಾತ್ರ ತಡವರಿಸುತ್ತಿದ್ದರೆ, ಅದರ ಚಿಪ್‌ನಲ್ಲಿ ಎಂಪೆಗ್-2 ಬಿಚ್ಚುವ ಭಾಗ ತೆರೆಯಲು ಬೇರೆಯೇ ಲೈಸೆನ್ಸ್ ಕೀಲಿ ಬೇಕಿತ್ತು ಅನ್ನುವುದು ನೆನಪಿರಲಿ.

ಎರಡನೇ ಪರೀಕ್ಷೆ: ಎಣಿಕೆ ಓದಿ

ಫೈಲೇ ಒಡೆದಿದೆ ಅಂದುಕೊಳ್ಳೋಣ. ಈಗ ಟಿವಿಹೆಡೆಂಡ್‌ನ ವೆಬ್ ಪುಟಕ್ಕೆ ಹೋಗಿ. ಕಂಪ್ಯೂಟರಿನ ಐಪಿ ವಿಳಾಸ, ಪೋರ್ಟ್ 9981. ಸ್ಟೇಟಸ್ ಅನ್ನುವ ಕಡೆ ಸ್ಟ್ರೀಮ್ ಪಟ್ಟಿ ಇದೆ. ಚಾನೆಲ್ ಓಡುತ್ತಿರುವಾಗ ಅಲ್ಲಿ ಸಿಗ್ನಲ್, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜಾಸ್ತಿ ಅನ್ನುವ ಲೆಕ್ಕ), ಅನ್‌ಕರೆಕ್ಟೆಡ್ ಬ್ಲಾಕ್, ಕಂಟಿನ್ಯುಟಿ ಎರರ್ ಅಂತ ಅಂಕಣಗಳು ಕಾಣುತ್ತವೆ. ನಾನು ಮೂರು ವರ್ಷ ಈ ಪುಟವನ್ನು ತೆರೆದೇ ನೋಡಿರಲಿಲ್ಲ. ಸಿಗ್ನಲ್ ಪಟ್ಟಿ ಹಸಿರಾಗಿದ್ದರೆ ಸಾಕು ಅಂದುಕೊಂಡಿದ್ದೆ.

ಕಂಟಿನ್ಯುಟಿ ಎರರ್ ಅಂದರೆ ಏನು? ಪ್ರಸಾರ ಬರುವುದು 188 ಬೈಟ್‌ನ ಪುಟ್ಟ ಪುಟ್ಟ ಪ್ಯಾಕೆಟ್‌ಗಳಲ್ಲಿ. ಪ್ರತಿ ಪ್ಯಾಕೆಟ್ ಮೇಲೂ 0ಯಿಂದ 15ರ ತನಕ ಒಂದು ನಂಬರ್. 15 ಆದ ಮೇಲೆ ಮತ್ತೆ 0. ಅಡಿಕೆ ಮೂಟೆಗೆ ನಂಬರ್ ಹಾಕಿ ಲಾರಿಗೆ ತುಂಬಿದ ಹಾಗೆ. 6 ಆದ ಮೇಲೆ 9 ಬಂದರೆ ದಾರಿಯಲ್ಲಿ ಮೂಟೆ ಬಿದ್ದುಹೋಗಿದೆ ಅಂತ ಅರ್ಥ. ಎಲ್ಲಿ ಬಿತ್ತು ಅನ್ನುವುದನ್ನು ಈ ಎಣಿಕೆ ಹೇಳುವುದಿಲ್ಲ. ಅದಕ್ಕೆ ಪಕ್ಕದ ಅಂಕಣ ನೋಡಬೇಕು.

ಅನ್‌ಕರೆಕ್ಟೆಡ್ ಬ್ಲಾಕ್ ಟ್ಯೂನರ್ ಹೇಳುವ ಲೆಕ್ಕ. "ಆಕಾಶದಿಂದ ಬಂದದ್ದರಲ್ಲೇ ತಪ್ಪಿತ್ತು, ನಾನು ತಿದ್ದಲು ನೋಡಿದೆ, ಆಗಲಿಲ್ಲ" ಅನ್ನುತ್ತದೆ ಅದು. ಹಾಗಾಗಿ ಎರಡೂ ಒಟ್ಟಿಗೆ ಏರುತ್ತಿದ್ದರೆ ತಪ್ಪು ಟ್ಯೂನರ್‌ಗಿಂತ ಮೊದಲು: ಡಿಶ್, ಎಲ್‌ಎನ್‌ಬಿ (ಡಿಶ್ ಎದುರಿನ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ), ಕೇಬಲ್, ಕನೆಕ್ಟರ್. ಕಂಟಿನ್ಯುಟಿ ಎರರ್ ಏರುತ್ತಿದ್ದು ಅನ್‌ಕರೆಕ್ಟೆಡ್ ಬ್ಲಾಕ್ ಸೊನ್ನೆಯಲ್ಲೇ ಇದ್ದರೆ, ಟ್ಯೂನರ್ ತನಕ ಸರಿಯಾಗಿ ಬಂದ ಮೂಟೆ ಕಂಪ್ಯೂಟರ್ ಒಳಗೆ ಬಿದ್ದಿದೆ. ಎರಡೂ ಸೊನ್ನೆ, ಆದರೂ ಫೈಲ್ ಒಡೆದಿದೆ ಅಂದರೆ ಮಾತ್ರ ಡಿಸ್ಕನ್ನು ಅನುಮಾನಿಸಿ. ಚಾನೆಲ್ ಹಾಕಿದ ಮೊದಲ ಒಂದೆರಡು ಸೆಕೆಂಡಿನಲ್ಲಿ ನಾಲ್ಕಾರು ಎರರ್ ಬರುವುದು ಮಾಮೂಲು. ಅದಕ್ಕೆ ಗಾಬರಿ ಬೇಡ. ಮುಗಿದ ರೆಕಾರ್ಡಿಂಗ್‌ಗಳ ಪಟ್ಟಿಯಲ್ಲೂ ಎರರ್ ಎಣಿಕೆ ಇರುತ್ತದೆ. ರಾತ್ರಿಯಿಡೀ ಎದ್ದು ಕಾಯಬೇಕಾಗಿಲ್ಲ.

ಒಂದು ಎಚ್ಚರಿಕೆ. ಸಿಗ್ನಲ್ ಎಷ್ಟು ಪರ್ಸೆಂಟ್ ಅನ್ನುವ ಅಂಕಿಯನ್ನು ಜಾಸ್ತಿ ನಂಬಬೇಡಿ. ಒಂದೊಂದು ಟ್ಯೂನರ್ ಒಂದೊಂದು ಲೆಕ್ಕ ಹೇಳುತ್ತದೆ. ಪಕ್ಕದ ಮನೆಯ 90ಕ್ಕೂ ನಿಮ್ಮ 60ಕ್ಕೂ ಸಂಬಂಧವಿಲ್ಲ. ಎಲ್ಲ ಚೆನ್ನಾಗಿದ್ದ ದಿನ ನಿಮ್ಮ ಎಸ್‌ಎನ್‌ಆರ್ ಎಷ್ಟಿತ್ತು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ಳಿ. ಹೋಲಿಸಬೇಕಾದದ್ದು ಅದಕ್ಕೆ.

ತಪ್ಪು ಕಂಪ್ಯೂಟರ್ ಒಳಗಿದ್ದರೆ

ಮೊದಲು ಡಿಸ್ಕಿನ ಮೇಲಿನ ಅಪವಾದ ತೆಗೆಯುತ್ತೇನೆ. ಸಾದಾ ಎಸ್‌ಡಿ ಚಾನೆಲ್ ಒಂದಕ್ಕೆ ಸೆಕೆಂಡಿಗೆ 3 ಮೆಗಾಬಿಟ್ ಅಂತ ಇಟ್ಟುಕೊಂಡರೆ ಗಂಟೆಗೆ ಸುಮಾರು 1.35 ಜಿಬಿ. ಸೆಕೆಂಡಿಗೆ ಅರ್ಧ ಎಂಬಿ ಕೂಡ ಇಲ್ಲ. ಹತ್ತು ವರ್ಷ ಹಳೆಯ ಡಿಸ್ಕೂ ಇದನ್ನು ನಿದ್ದೆಯಲ್ಲೇ ಬರೆಯುತ್ತದೆ. ತೊಂದರೆ ಕೊಡುವುದು ನಿಜವಾದ ನಿದ್ದೆ: ಹೊರಗಿನ ಯುಎಸ್‌ಬಿ ಡಿಸ್ಕ್ ಮಲಗಿ, ಎದ್ದು ತಿರುಗಲು ಹಲವು ಸೆಕೆಂಡ್ ತೆಗೆದುಕೊಳ್ಳುವುದು. ಇಲ್ಲವೇ ಡಿಸ್ಕ್ ಸಾಯುತ್ತಿರುವುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ಆಗದ ಜಾಗ) ಅನ್ನುವ ಅಂಕಿ ಏರುತ್ತಿದ್ದರೆ ಫೈಲ್‌ಗಳನ್ನು ಇವತ್ತೇ ಬೇರೆ ಕಡೆ ಹಾಕಿಕೊಳ್ಳಿ.

ಮೂಟೆ ಬೀಳುವುದು ಹೆಚ್ಚಾಗಿ ಯುಎಸ್‌ಬಿಯಲ್ಲಿ. ಟ್ಯೂನರ್ ಮತ್ತು ಡಿಸ್ಕ್ ಎರಡನ್ನೂ ಒಂದೇ ಅಗ್ಗದ ಹಬ್‌ಗೆ ಚುಚ್ಚಿದ್ದರೆ ಬಿಡಿಸಿ, ಟ್ಯೂನರನ್ನು ಮದರ್‌ಬೋರ್ಡ್‌ನ ಹಿಂದಿನ ಪೋರ್ಟ್‌ಗೆ ನೇರವಾಗಿ ಹಾಕಿ. ಕರ್ನಲ್ ಲಾಗ್‌ನಲ್ಲಿ, ಅಂದರೆ ಲಿನಕ್ಸ್ ಬರೆದಿಡುವ ದಿನಚರಿಯಲ್ಲಿ, ಯುಎಸ್‌ಬಿ ಡಿಸ್ಕನೆಕ್ಟ್ ಅನ್ನುವ ಸಾಲು ಇದೆಯಾ ನೋಡಿ. ಪೈ ಬಳಸುವವರಿಗೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ಅಡಾಪ್ಟರ್ ಬದಲಿಸಿ. ವೋಲ್ಟೇಜ್ ಸಾಲುತ್ತಿಲ್ಲ ಅಂತ ಅದು ಹೇಳುತ್ತಿದೆ.

ತಪ್ಪು ಡಿಶ್ ಕಡೆ ಇದ್ದರೆ

ಮಳೆ ಬಂದಾಗ ಮಾತ್ರ ಒಡೆದರೆ ಅದು ಮಳೆಯದೇ. ಡಿಶ್ ಹಿಡಿಯುವ ಕೆಯು ಬ್ಯಾಂಡ್ ಅಲೆಗಳಿಗೆ ಆಷಾಢದ ಮಳೆ ಆಗಿಬರುವುದಿಲ್ಲ, ನಮ್ಮೂರಲ್ಲಂತೂ ಕೇಳಲೇಬೇಡಿ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದ ಮೇಲೂ ಎಸ್‌ಎನ್‌ಆರ್ ಹಳೇ ಮಟ್ಟಕ್ಕೆ ಬಾರದಿದ್ದರೆ ಎಲ್‌ಎನ್‌ಬಿ ಕೆಳಗಿನ ಕನೆಕ್ಟರ್‌ಗೆ ನೀರು ಹೋಗಿದೆ. ಬಿಚ್ಚಿ ನೋಡಿ. ಒಳಗಿನ ತಾಮ್ರದ ತಂತಿ ಹಸಿರಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಕೇಬಲ್ ಮನೆಯೊಳಗೆ ನುಗ್ಗುವ ಮೊದಲು ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲಿಂದಲೇ ತೊಟ್ಟಿಕ್ಕಲಿ. ಎಲ್‌ಎನ್‌ಬಿ ಮುಚ್ಚಳ ಒಡೆದಿದ್ದರೆ ಒಳಗೆ ಇರುವೆ ಸಂಸಾರ ಹೂಡಿರುತ್ತದೆ, ಅದನ್ನೂ ನೋಡಿ.

ಗಾಳಿ ಬೀಸಿದಾಗ ಎಸ್‌ಎನ್‌ಆರ್ ಓಲಾಡಿದರೆ ಮರ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರ. ಶಿರಸಿಯಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಮೇಲಕ್ಕಿದೆ. ಬೆಂಗಳೂರಿನಿಂದ 66. ಇಲ್ಲೊಂದು ಮೋಸವಿದೆ. ನಮ್ಮ ಮನೆಗಳ ಡಿಶ್ ಆಫ್‌ಸೆಟ್ ಮಾದರಿಯದು. ಅದರ ಮುಖ ನೋಡುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಜಾಸ್ತಿ ಮೇಲಿನಿಂದ ಸಿಗ್ನಲ್ ಬರುತ್ತದೆ. ಡಿಶ್ ಮುಖದ ನೇರಕ್ಕಿದೆ ಅಂತ ಮರದ ಗೆಲ್ಲು ಕಡಿಯಬೇಡಿ. ಒಂದು ಒಳ್ಳೆಯ ಮುರುಗಲ ಗೆಲ್ಲನ್ನು ನಾನು ಹಾಗೇ ಕಳೆದುಕೊಂಡೆ. ಅಪ್ಪ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ಯಾವ ಚಾನೆಲ್ಲೂ ಲಾಕ್ ಆಗುತ್ತಿಲ್ಲವಾದರೆ ಟ್ಯೂನರ್‌ನ 12 ವೋಲ್ಟ್ ಅಡಾಪ್ಟರ್ ನೋಡಿ. ಎಲ್‌ಎನ್‌ಬಿಗೆ ಕರೆಂಟ್ ಕೊಡುವುದು ಟ್ಯೂನರೇ. ಚಾನೆಲ್ ಹಾಕಿಟ್ಟು ಕೇಬಲ್ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ ವರ್ಟಿಕಲ್ (ಲಂಬ ಅಲೆಯ) ಚಾನೆಲ್‌ಗೆ ಸುಮಾರು 13, ಹಾರಿಜಾಂಟಲ್ (ಅಡ್ಡ ಅಲೆಯ) ಚಾನೆಲ್‌ಗೆ ಸುಮಾರು 18 ವೋಲ್ಟ್ ಬರಬೇಕು. ನಡುವಿನ ತಂತಿ ಹೊರಗಿನ ಬಲೆಗೆ ತಾಗದಂತೆ ನೋಡಿಕೊಳ್ಳಿ, ಶಾರ್ಟ್ ಆದರೆ ಟ್ಯೂನರ್ ಹೋಗಬಹುದು. ಇನ್ನೊಂದು ಕೋಣೆಯ ಸೆಟ್‌ಟಾಪ್ ಬಾಕ್ಸ್‌ಗೂ ಕಂಪ್ಯೂಟರ್‌ಗೂ ಒಂದೇ ಎಲ್‌ಎನ್‌ಬಿಯಿಂದ ಸ್ಪ್ಲಿಟರ್ ಹಾಕುವ ಬದಲು ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ತನ್ನಿ. ನಮ್ಮಲ್ಲಿ ಹಾಗೇ ಇದೆ, ಎರಡು ಕೇಬಲ್ ಬೇರೆ ಬೇರೆ. ಇದು ಮುಂದೆ ಕೆಲಸಕ್ಕೆ ಬಂತು.

ರೆಕಾರ್ಡಿಂಗೇ ಆಗಿಲ್ಲ ಅಂದರೆ

ಇದು ಬೇರೆಯೇ ಜಾತಿಯ ರೋಗ. ಗಡಿಯಾರದಿಂದ ಶುರುಮಾಡಿ. ಪೈ 5ಕ್ಕಿಂತ ಹಿಂದಿನ ರಾಸ್ಪ್‌ಬೆರಿ ಪೈಗಳಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಇಂಟರ್‌ನೆಟ್‌ನಿಂದ ಸಮಯ ಕೇಳಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟ್ ಜೊತೆ ನೆಟ್ಟೂ ಹೋಗಿರುತ್ತದೆ, ಅಲ್ವಾ? ಆಗ ಅದು ಹಳೇ ಸಮಯದಲ್ಲೇ ಕೂತಿರುತ್ತದೆ. ಪ್ರಸಾರದ ಜೊತೆಯೇ ಬರುವ ಸಮಯವನ್ನು ತೆಗೆದುಕೊಳ್ಳುವ ಆಯ್ಕೆ ಟಿವಿಹೆಡೆಂಡ್‌ನಲ್ಲಿದೆ, ಹಾಕಿಡಿ. ಡೆಸ್ಕ್‌ಟಾಪ್ ಆದರೆ ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಬದಲಿಸಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಕಾರಣ ಗೊತ್ತೇ ಇದೆ: ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಕೂಡ ಇದೆ. ವಿಂಡೋಸ್ ಗಡಿಯಾರದಲ್ಲಿ ನಮ್ಮ ಸಮಯ ಬರೆದಿಡುತ್ತದೆ, ಲಿನಕ್ಸ್ ಅದನ್ನು ಗ್ರೀನಿಚ್ ಸಮಯ ಅಂತ ಓದುತ್ತದೆ.

ಎರಡು ಕಾರ್ಯಕ್ರಮಗಳಲ್ಲಿ ಒಂದೇ ಆಗಿದೆ ಅಂದರೆ ಟ್ಯೂನರ್ ಒಂದೇ ಇದೆ ಅಂತ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್ (ಒಂದು ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್ ಒಟ್ಟಿಗೆ ಕಳಿಸುವ ಉಪಗ್ರಹದ ಭಾಗ) ಹಿಡಿಯುತ್ತದೆ. ಅದರೊಳಗಿನ ಎರಡು ಮೂರು ಚಾನೆಲ್ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಬೇರೆ ಟ್ರಾನ್ಸ್‌ಪಾಂಡರ್‌ನ ಚಾನೆಲ್ ಆಗುವುದಿಲ್ಲ.

ಇನ್ನೊಂದು ಚೇಷ್ಟೆ. ಕರೆಂಟ್ ಹೋಗಿ ಬಂದಾಗ ಹೊರಗಿನ ಡಿಸ್ಕ್ ಮೌಂಟ್ ಆಗದೆ, ಅಂದರೆ ತನ್ನ ಫೋಲ್ಡರ್‌ಗೆ ಸೇರಿಕೊಳ್ಳದೆ, ಉಳಿಯುತ್ತದೆ. ಟಿವಿಹೆಡೆಂಡ್‌ಗೆ ಅದು ಗೊತ್ತಾಗುವುದಿಲ್ಲ. ಅದೇ ಹೆಸರಿನ ಖಾಲಿ ಫೋಲ್ಡರ್‌ಗೆ, ಅಂದರೆ ಒಳಗಿನ ಚಿಕ್ಕ ಡಿಸ್ಕಿಗೋ ಮೆಮೊರಿ ಕಾರ್ಡಿಗೋ ಬರೆಯುತ್ತಾ ಹೋಗುತ್ತದೆ. ಅದು ತುಂಬಿದಾಗ ಇಡೀ ಕಂಪ್ಯೂಟರ್ ನಿಲ್ಲುತ್ತದೆ. ಡಿಸ್ಕ್ ಮೌಂಟ್ ಆಗದಿದ್ದಾಗ ಆ ಫೋಲ್ಡರ್‌ಗೆ ಬರೆಯಲು ಟಿವಿಹೆಡೆಂಡ್‌ಗೆ ಅನುಮತಿಯೇ ಇಲ್ಲದಂತೆ ಮಾಡಿಡಿ. ರೆಕಾರ್ಡಿಂಗ್ ಸೋಲಲಿ, ಕಂಪ್ಯೂಟರ್ ಉಳಿಯಲಿ.

ಯಾವುದಕ್ಕೂ ಸಿಗದ ತಪ್ಪು

ಈಗ ನಮ್ಮ ಮನೆಗೆ ಬರೋಣ. ಹಬ್ಬಕ್ಕೆ ಊರಿಗೆ ಹೋದಾಗ ಕೂತು ಎಣಿಕೆ ನೋಡಿದೆ. ಗಂಟೆಗಟ್ಟಲೆ ಸೊನ್ನೆ. ಆಮೇಲೆ ಇದ್ದಕ್ಕಿದ್ದಂತೆ ಎರಡೂ ಎಣಿಕೆ ಏರಿದವು. ಅಂದರೆ ಟ್ಯೂನರ್‌ಗಿಂತ ಮೊದಲಿನ ತಪ್ಪು, ಹೊಸ ಹಾರ್ಡ್‌ಡಿಸ್ಕ್ ದಂಡ. ಆದರೆ ಆಕಾಶ ತಿಳಿಯಾಗಿತ್ತು. ಮಳೆಯಲ್ಲಿ ಸಿಗ್ನಲ್ ಮತ್ತು ಎಸ್‌ಎನ್‌ಆರ್ ಎರಡೂ ನಿಧಾನವಾಗಿ ಇಳಿಯುತ್ತವೆ. ಇಲ್ಲಿ ಸಿಗ್ನಲ್ ಅಲ್ಲಾಡಲಿಲ್ಲ, ಎಸ್‌ಎನ್‌ಆರ್ ಮಾತ್ರ ದಡಕ್ಕನೆ ಬಿತ್ತು. ಸಿಗ್ನಲ್ ಕಡಿಮೆಯಾಗಿಲ್ಲ, ಗದ್ದಲ ಹೊಕ್ಕಿದೆ ಅಂತ ಅದರ ಅರ್ಥ. ಒಳಕೋಣೆಯ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಅದೇ ಚಾನೆಲ್ ಅದೇ ಹೊತ್ತಿಗೆ ಚೆನ್ನಾಗಿತ್ತು. ಡಿಶ್ ಒಂದೇ, ಕೇಬಲ್ ಬೇರೆ.

ಒಡೆದ ರೆಕಾರ್ಡಿಂಗ್‌ಗಳನ್ನು ಚಾನೆಲ್ ಪ್ರಕಾರ ಅಲ್ಲ, ಟ್ರಾನ್ಸ್‌ಪಾಂಡರ್ ಪ್ರಕಾರ ಗುಂಪು ಮಾಡಿದೆ. ಎಲ್ಲವೂ ಒಂದೇ ಗುಂಪಿನವು: 11470 ಮೆಗಾಹರ್ಟ್ಜ್ ಫ್ರೀಕ್ವೆನ್ಸಿಯವು. 11090ರಲ್ಲಿ ಒಂದೂ ಒಡೆದಿರಲಿಲ್ಲ.

ಎಲ್‌ಎನ್‌ಬಿ ಆಕಾಶದ ಫ್ರೀಕ್ವೆನ್ಸಿಯನ್ನು ಹಾಗೇ ಕೇಬಲ್‌ಗೆ ಬಿಡುವುದಿಲ್ಲ. ಯೂನಿವರ್ಸಲ್ ಎಲ್‌ಎನ್‌ಬಿ ಕೆಳಗಿನ ಬ್ಯಾಂಡ್‌ನಲ್ಲಿ ಅದರಿಂದ 9750 ಕಳೆದು ಕಳಿಸುತ್ತದೆ. 11090 ಕೇಬಲ್‌ನಲ್ಲಿ 1340 ಮೆಗಾಹರ್ಟ್ಜ್ ಆಗುತ್ತದೆ. 11470 ಆಗುವುದು 1720. ಸಿಂಬಲ್ ರೇಟ್ (ಸೆಕೆಂಡಿಗೆ ಎಷ್ಟು ಸಾವಿರ ಸಂಕೇತ ಅನ್ನುವ ಲೆಕ್ಕ) 29500 ಇರುವುದರಿಂದ ಅದು ಸುಮಾರು 40 ಮೆಗಾಹರ್ಟ್ಜ್ ಅಗಲ, 1700ರಿಂದ 1740ರ ತನಕ. 1800 ಬ್ಯಾಂಡ್‌ನ ಮೊಬೈಲ್ ಫೋನ್ ಟವರಿಗೆ ಮಾತು ಕಳಿಸುವುದು 1710ರಿಂದ 1785ರ ನಡುವೆ!

ಕಾಗದದ ಮೇಲೆ ಈ ಲೆಕ್ಕ ಹಾಕಿ ತಲೆ ಎತ್ತಿದರೆ ಅಮ್ಮನ ಫೋನ್ ಟಿವಿ ಸ್ಟ್ಯಾಂಡ್ ಮೇಲೆ, ಟ್ಯೂನರ್‌ನಿಂದ ಒಂದು ಗೇಣು ದೂರದಲ್ಲಿ ಕೂತಿತ್ತು. ಇಡೀ ಮನೆಯಲ್ಲಿ ಟವರ್ ಸಿಗುವುದು ಆ ಕಿಟಕಿ ಪಕ್ಕ ಮಾತ್ರ. ಮಲೆನಾಡಿನ ಮನೆಗಳಲ್ಲಿ ಫೋನಿಗೂ ದೇವರಿಗಿದ್ದ ಹಾಗೆ ಒಂದು ಖಾಯಂ ಜಾಗ ಇರುತ್ತದೆ. ಟವರ್ ದೂರವಿದ್ದಷ್ಟೂ ಫೋನ್ ಗಟ್ಟಿಯಾಗಿ ಕೂಗುತ್ತದೆ. ನಾನು ದಿನಾ ಸಂಜೆ ಬೆಂಗಳೂರಿನಿಂದ ಫೋನ್ ಮಾಡಿ "ಈಗ ಹೇಗಿದೆ ನೋಡು" ಅಂದಾಗ, ಅಮ್ಮ ಟಿವಿ ಪಕ್ಕ ನಿಂತೇ ಉತ್ತರ ಕೊಡುತ್ತಿದ್ದಳು.

ಹಾಗಂತ ಫೋನಿನದೇ ತಪ್ಪು ಅನ್ನುವಂತಿಲ್ಲ. ಸರಿಯಾಗಿ ಕಟ್ಟಿದ ಆರ್‌ಜಿ-6 ಕೇಬಲ್ ಹೊರಗಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ. ನಮ್ಮದು ತಿರುಗಿಸಿ ಹಾಕುವ ಅಗ್ಗದ ಕನೆಕ್ಟರ್. ಹಾಕಿದವನು ನಾನೇ. ಹೊರಗಿನ ಬಲೆಯ ತಂತಿ ನಾಲ್ಕೇ ಎಳೆ ತಾಗುತ್ತಿತ್ತು. ತೇವಕ್ಕೆ ಅದೂ ತುಕ್ಕು ಹಿಡಿದಿತ್ತು. ಮೂರು ವರ್ಷ ಅದು ಸುಮ್ನೆ ಇದ್ದದ್ದೇ ದೊಡ್ಡದು.

ನಿಮ್ಮಲ್ಲೂ ಒಂದೇ ಟ್ರಾನ್ಸ್‌ಪಾಂಡರ್ ಹಟ ಹಿಡಿದಿದ್ದರೆ ಈ ಕಳೆಯುವ ಲೆಕ್ಕ ಹಾಕಿ ನೋಡಿ. ಕಳೆಯುವ ಮೊದಲಿನ ಅಂಕಿ 11460ರಿಂದ 11535ರ ನಡುವೆ ಇದ್ದರೆ ಪಕ್ಕದ ಫೋನ್. 11555ರಿಂದ 11630ರ ನಡುವೆ ಇದ್ದರೆ ಹತ್ತಿರದ ಟವರ್, ಏಕೆಂದರೆ ಅದು ಫೋನಿಗೆ ಮಾತು ಕಳಿಸುವುದು 1805ರಿಂದ 1880ರಲ್ಲಿ. ಫೋನಾದರೆ ಬಿಟ್ಟು ಬಿಟ್ಟು ಒಡೆಯುತ್ತದೆ. ಟವರ್ ಆದರೆ ಹೆಚ್ಚು ಕಡಿಮೆ ಸದಾ ಕಾಡುತ್ತದೆ. ಎರಡಕ್ಕೂ ಮದ್ದು ಒಂದೇ: ಕೇಬಲ್‌ನ ಎರಡೂ ತುದಿಗೆ ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್. ಬಲೆಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಒಂದು ಎಳೆಯೂ ನಡುವಿನ ತಂತಿಗೆ ತಾಗದಂತೆ ಹಾಕಬೇಕು. ನಡುವೆ ಜೋಡಣೆ ಇದ್ದರೆ ಅದನ್ನೂ ಬಿಡಬೇಡಿ.

ಶಿರಸಿ ಪೇಟೆಯಿಂದ ಎರಡು ಕನೆಕ್ಟರ್ ತಂದು ಹಾಕಿದೆ. 11470ರ ಸಿನಿಮಾ ರೆಕಾರ್ಡಿಂಗ್‌ಗೆ ಬಿಟ್ಟು, ಫೋನನ್ನು ಬೇಕೆಂದೇ ಟ್ಯೂನರ್ ಮೇಲೆ ಇಟ್ಟು, ಅಕ್ಕನಿಗೆ ಕರೆ ಹಚ್ಚಿ ಸ್ಪೀಕರ್‌ಗೆ ಹಾಕಿ "ಮಾತಾಡು" ಅಂದೆ. ಹತ್ತು ನಿಮಿಷ ಸಾಕಿತ್ತು. ಅಮ್ಮ ಮುಕ್ಕಾಲು ಗಂಟೆ ಮಾತಾಡಿದಳು. ಎಣಿಕೆ ಸೊನ್ನೆಯಿಂದ ಕದಲಲಿಲ್ಲ.